ಕೊಲಂಬಸ್ ಮತ್ತು ಚಪ್ಪಟೆ ಭೂಮಿ

ಕೊಲಂಬಸ್ ಹೊರಟಾಗ ಎಲ್ಲರೂ ಭೂಮಿ ಚಪ್ಪಟೆ ಎಂದು ನಂಬಿದ್ದರು, ಅಂಚಿನಿಂದ ಬಿದ್ದುಹೋಗುತ್ತೇವೆಂದು ನಾವಿಕರು ನಡುಗುತ್ತಿದ್ದರು ಎಂಬ ಕಥೆಯನ್ನು ಕೇಳದೆ ಶಾಲೆ ಮುಗಿಸಿದವರು ಕಡಿಮೆ. ಮೊನ್ನೆ ಪಕ್ಕದ ಮನೆಯ ಹುಡುಗ ಭಾಷಣ ಸ್ಪರ್ಧೆಗೆಂದು ಅದನ್ನೇ ಬಾಯಿಪಾಠ ಮಾಡುತ್ತಿದ್ದ. ಒಬ್ಬ ಧೀರ, ಎದುರಿಗೆ ಮೂಢ ಪಾದ್ರಿಗಳ ಸಾಲು. ಕೇಳಲು ಸೊಗಸಾಗಿದೆ. ಆದರೆ ಹಾಗೆ ನಡೆದೇ ಇಲ್ಲ.

1492ರ ಹೊತ್ತಿಗೆ ಯುರೋಪಿನ ಓದುಬರಹ ಬಲ್ಲವರಿಗೆ ಭೂಮಿ ದುಂಡಗಿರುವುದು ಹಳೆಯ ಸುದ್ದಿ. ಗ್ರಹಣದಲ್ಲಿ ಚಂದ್ರನ ಮೇಲೆ ಬೀಳುವ ದುಂಡು ನೆರಳನ್ನು ಅರಿಸ್ಟಾಟಲ್ ಆಗಲೇ ತೋರಿಸಿಕೊಟ್ಟಿದ್ದ. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಎರಟೋಸ್ಥನೀಸ್ ನೆರಳನ್ನೇ ಅಳೆದು ಭೂಮಿಯ ಸುತ್ತಳತೆ ಲೆಕ್ಕಹಾಕಿದ್ದ. 13ನೇ ಶತಮಾನದ ಸಾಕ್ರೊಬೋಸ್ಕೋ ಬರೆದ ಗೋಳದ ಪುಸ್ತಕ ವಿಶ್ವವಿದ್ಯಾಲಯಗಳಲ್ಲಿ ಪಠ್ಯವಾಗಿತ್ತು. ಚಪ್ಪಟೆ ಎಂದವರು ಇರಲೇ ಇಲ್ಲ ಎಂದಲ್ಲ. ಲ್ಯಾಕ್ಟಾಂಟಿಯಸ್, ಕಾಸ್ಮಸ್ ಹಾಗೆ ಬರೆದಿದ್ದರು. ಅವರ ಮಾತಿಗೆ ತಲೆಯಾಡಿಸಿದ ವಿದ್ವಾಂಸರು ವಿರಳ.

ಸ್ಪೇನಿನಲ್ಲಿ ಜಗಳವಿದ್ದದ್ದು ಆಕಾರದ ಬಗ್ಗೆಯಲ್ಲ, ದೂರದ ಬಗ್ಗೆ. ಅಲ್‌ಫರ್ಗಾನಿ ಅರಬ್ಬೀ ಮೈಲಿಯಲ್ಲಿ ಕೊಟ್ಟ ಅಳತೆಯನ್ನು ಕೊಲಂಬಸ್ ಚಿಕ್ಕದಾದ ರೋಮನ್ ಮೈಲಿ ಎಂದು ಹಿಡಿದ. ಏಷ್ಯಾ ಖಂಡವನ್ನು ಪೂರ್ವಕ್ಕೆ ಬೇಕಾದಷ್ಟು ಎಳೆದ. ಕೆನರಿ ದ್ವೀಪಗಳಿಂದ ಜಪಾನಿಗೆ ಅವನ ಲೆಕ್ಕದಲ್ಲಿ ಸುಮಾರು 4,400 ಕಿಲೋಮೀಟರು. ನಿಜಕ್ಕೆ ಅದರ ನಾಲ್ಕು ಪಟ್ಟಿಗೂ ಹೆಚ್ಚು. ಅಷ್ಟು ದೂರಕ್ಕೆ ಅನ್ನ ನೀರು ಹೊತ್ತೊಯ್ಯಲಾಗದು ಎಂದ ಪಂಡಿತರೇ ಸರಿ. ನಡುವೆ ಅಮೆರಿಕ ಅಡ್ಡ ಬಾರದಿದ್ದರೆ ಆ ಮೂರು ಹಡಗುಗಳ ಕಥೆ ಸಮುದ್ರದಲ್ಲೇ ಮುಗಿಯುತ್ತಿತ್ತು. ನಾವಿಕರಿಗೂ ಭಯವಿತ್ತು, ನಿಜ. ಗಾಳಿ ಸದಾ ಪಶ್ಚಿಮಕ್ಕೇ ಬೀಸಿದರೆ ಮನೆಗೆ ಮರಳುವುದು ಹೇಗೆ ಎಂಬ ಭಯ ಅದು. ಅಂಚಿನ ಭಯಕ್ಕಿಂತ ಇದು ನನಗೆ ಹೆಚ್ಚು ಹತ್ತಿರದ್ದೆನಿಸುತ್ತದೆ.

ಹಾಗಾದರೆ ಕಥೆ ಎಲ್ಲಿಂದ ಬಂತು? ರಿಪ್ ವ್ಯಾನ್ ವಿಂಕಲ್ ಕಥೆಯನ್ನು ಬರೆದ ವಾಷಿಂಗ್ಟನ್ ಇರ್ವಿಂಗ್ 1828ರಲ್ಲಿ ಕೊಲಂಬಸನ ಜೀವನಚರಿತ್ರೆ ಬರೆದು, ಸಾಲಮಾಂಕಾದ ಸಭೆಗೆ ನಾಟಕದ ರಂಗು ಬಳಿದ. ಆಮೇಲೆ ಅದೇ ಶತಮಾನದಲ್ಲಿ ಡ್ರೇಪರ್, ವೈಟ್ ಮೊದಲಾದವರು ವಿಜ್ಞಾನಕ್ಕೂ ಧರ್ಮಕ್ಕೂ ಯುದ್ಧ ಎಂಬ ವಾದ ಹೂಡಿದಾಗ ಇಂಥ ಕಥೆಗಳು ಅವರ ಕೈಗೆ ಒದಗಿಬಂದವು. ಚರ್ಚಿನ ಮೇಲೆ ಹೊರಿಸಲು ನಿಜವಾದ ತಪ್ಪುಗಳೇ ಸಾಕಷ್ಟಿರುವಾಗ ಸುಳ್ಳಿನದೇನು ಅಗತ್ಯವಿತ್ತೋ!

ಇಷ್ಟು ಹೇಳಿದೊಡನೆ ನಮ್ಮಲ್ಲಿ ಕೆಲವರು, "ನಮ್ಮ ಹಿರಿಯರಿಗೆ ಇದೆಲ್ಲ ಮೊದಲೇ ಗೊತ್ತಿತ್ತು" ಎಂದು ಮೀಸೆ ತಿರುವುತ್ತಾರೆ. ಆರ್ಯಭಟ ಭೂಗೋಳವನ್ನು ಕದಂಬದ ಹೂವಿಗೆ ಹೋಲಿಸಿದ್ದು ನಿಜ. ಭೂಗೋಳ ಎಂಬ ಪದದಲ್ಲೇ ಗೋಳವಿದೆ. ಆದರೆ ಮೇರುಪರ್ವತದ ಸುತ್ತ ದ್ವೀಪ, ಸಮುದ್ರಗಳನ್ನು ಬಳೆಗಳಂತೆ ಹಾಸಿದ ಪುರಾಣವೂ ನಮ್ಮದೇ. ಜ್ಯೋತಿಷಿಗಳು ಅದರೊಡನೆ ಶತಮಾನಗಟ್ಟಲೆ ಗುದ್ದಾಡಿದರು. 12ನೇ ಶತಮಾನದ ಭಾಸ್ಕರಾಚಾರ್ಯ ಮಾತ್ರ ಚಪ್ಪಟೆ ಎನ್ನುವವರನ್ನು ಬೈಯುವುದರಲ್ಲೇ ನಿಲ್ಲದೆ, ಅದು ಹಾಗೇಕೆ ಕಾಣುತ್ತದೆಂದೂ ವಿವರಿಸಿದ: ಭೂಮಿ ಬಹು ದೊಡ್ಡದು, ಮನುಷ್ಯ ಬಹು ಸಣ್ಣವನು, ದೊಡ್ಡ ವೃತ್ತದ ನೂರರಲ್ಲೊಂದು ತುಂಡು ಯಾರ ಕಣ್ಣಿಗೂ ನೇರವಾಗಿಯೇ ತೋರುತ್ತದೆ.