ಬೆವರಿನ ಹೆಸರಿನ ಮೇಳ

ವಿದ್ಯೆಯನ್ನು ಬಯಸುವವನು ಗುರುವಿನ ಮನೆಯನ್ನು ಹುಡುಕಿಕೊಂಡು ಹೋಗಬೇಕೆಂಬುದು ನಮ್ಮಲ್ಲಿ ಹಳೆಯ ಮಾತು. ಆದರೆ ಆ ಮನೆಯ ಹೊಸ್ತಿಲನ್ನು ತುಳಿಯುವುದೇ ಅಪರಾಧವೆಂದು ರಾಜ್ಯದ ಕಾನೂನು ವಿಧಿಸಿದರೆ ಶಿಷ್ಯನು ಏನು ಮಾಡತಕ್ಕದ್ದು? ಈ ಪ್ರಶ್ನೆಯನ್ನು ನನ್ನ ಮನಸ್ಸಿನಲ್ಲಿ ಎಬ್ಬಿಸಿದವನು ದಕ್ಷಿಣ ಆಫ್ರಿಕದ ಜಾನಿ ಕ್ಲೆಗ್ ಎಂಬ ಹಾಡುಗಾರನು. ಅವನ ಹಾಡುಗಳನ್ನು ನಾನು ಅನೇಕ ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಸಂಜೆ ಕೆಲಸಗಳೆಲ್ಲ ಮುಗಿದ ಮೇಲೆ ಅವು ನಮ್ಮ ನಡುಮನೆಯಲ್ಲಿ ಆಗಾಗ ಕೇಳಿಬರುವುದುಂಟು. ಜುಲು ಭಾಷೆಯ ಒಂದು ಮಾತನ್ನೂ ಅರಿಯದ ಮಕ್ಕಳು ಆ ತಾಳಕ್ಕೆ ನೆಲವನ್ನು ತುಳಿಯುತ್ತಾರೆ. ಹಿರಿಯರು 'ಇದೇನು ಗದ್ದಲ?' ಎಂದು ತೊಡಗಿ, ಸ್ವಲ್ಪ ಹೊತ್ತಿನಲ್ಲಿ ತಾವೂ ತಲೆಯಾಡಿಸುತ್ತಾರೆ. ಹಾಡಿನ ಸೊಗಸು ಅಷ್ಟರಿಂದಲೇ ತಿಳಿಯುತ್ತದೆ. ಅದರ ಬೆಲೆಯನ್ನು ತಿಳಿಯಬೇಕಾದರೆ ಮಾತ್ರ ಅದು ಹುಟ್ಟಿದ ಬಗೆಯನ್ನು ಕೇಳಬೇಕು.

ಕ್ಲೆಗ್ ಹುಟ್ಟಿದ್ದು 1953ರಲ್ಲಿ, ಇಂಗ್ಲೆಂಡಿನ ಬೇಕಪ್ ಎಂಬ ಊರಿನಲ್ಲಿ. ತಂದೆತಾಯಿಗಳು ಬೇರೆಯಾದ ಮೇಲೆ ಅವನು ಹಾಡುಗಾರ್ತಿಯಾದ ತನ್ನ ತಾಯಿಯೊಡನೆ ಆಫ್ರಿಕಕ್ಕೆ ಬಂದು, ಜೋಹಾನ್ಸ್‌ಬರ್ಗ್ ನಗರದಲ್ಲಿ ಬೆಳೆದನು. 1893ರಲ್ಲಿ ಗಾಂಧೀಜಿಯವರನ್ನು ರೈಲುಗಾಡಿಯಿಂದ ಕೆಳಗಿಳಿಸಿದ ದೇಶವೇ ಅದು. ಅಂಥ ತಾರತಮ್ಯವನ್ನು 1948ರ ತರುವಾಯ ಅಲ್ಲಿನ ಸರ್ಕಾರವು ಕಟ್ಟುನಿಟ್ಟಾದ ಶಾಸನಗಳ ರೂಪಕ್ಕೆ ತಂದಿತು. ಯಾವ ಬಣ್ಣದವರು ಯಾವ ಕೇರಿಯಲ್ಲಿ ಇರತಕ್ಕದ್ದು ಎಂಬುದನ್ನು 1950ರ ಕಾಯಿದೆಯು ಗೊತ್ತುಮಾಡಿತು. ಕರಿಯ ಜನರು ಹಳ್ಳಿಗಳಲ್ಲಿ ಹೆಂಡತಿಮಕ್ಕಳನ್ನು ಬಿಟ್ಟು, ರಹದಾರಿಯನ್ನು ಜೇಬಿನಲ್ಲಿಟ್ಟುಕೊಂಡು ನಗರಕ್ಕೆ ಬಂದು, ಕೂಲಿಗಾರರ ವಸತಿಗಳಲ್ಲಿ ಕಿಕ್ಕಿರಿದು ಬಾಳಬೇಕಾಗಿದ್ದಿತು.

ಇಂಥ ನಗರದಲ್ಲಿ, ಸುಮಾರು 14ನೆಯ ವಯಸ್ಸಿನಲ್ಲಿ, ಈ ಬಿಳಿಯ ಹುಡುಗನು ಚಾರ್ಲಿ ಮ್ಜಿಲಾ ಎಂಬವನ ಗಿಟಾರ್ ವಾದನವನ್ನು ಕೇಳಿದನು. ಮ್ಜಿಲಾ ಹಗಲೆಲ್ಲ ಬಿಳಿಯರ ಮನೆಗಳನ್ನು ಗುಡಿಸಿ ಸಾರಿಸುವವನು. ಬಿಡುವಿದ್ದಾಗ ಬೀದಿಯಲ್ಲಿ ಗಿಟಾರ್ ನುಡಿಸುವವನು. ಹುಡುಗನು ಅವನನ್ನು ಕಲಿಸಿಕೊಡೆಂದು ಬೇಡಿ, ಎರಡು ವರ್ಷ ಅವನ ಶಿಷ್ಯನಾಗಿ ಉಳಿದನು.

ಆ ವಿದ್ಯೆ ಸಾಮಾನ್ಯವಾದುದಲ್ಲ. ಜುಲು ಕೂಲಿಗಾರರು ನಗರದ ಅಂಗಡಿಯ ಗಿಟಾರನ್ನು ತಮ್ಮ ಹಳ್ಳಿಯ ಬಿಲ್ಲುವಾದ್ಯದ ಸ್ವರಕ್ಕೆ ಒಗ್ಗಿಸಿಕೊಂಡು ಮಾಸ್ಕಂಡ ಎಂಬ ಪದ್ಧತಿಯನ್ನು ಬೆಳೆಸಿದ್ದರು. ಹೆಬ್ಬೆರಳು ಕೆಳಗಿನ ಸ್ವರಗಳನ್ನು ಹಿಡಿದು ನಡೆದರೆ, ತೋರುಬೆರಳು ಮೇಲಿನ ತಂತಿಗಳಲ್ಲಿ ರಾಗವನ್ನು ಹೆಣೆಯುತ್ತದೆ. ಒಂದೇ ವಾದ್ಯವು ಇಬ್ಬರು ನುಡಿಸಿದಂತೆ ಕೇಳಿಸುತ್ತದೆ. ಮೊದಲು ತಂತಿಗಳ ಮೇಲೆ ಒಂದು ಬಿರುಸಾದ ಓಟ. ಶ್ರುತಿ ಹೇಗೆ ಕೂಡಿದೆ, ಕೈ ಹೇಗೆ ಪಳಗಿದೆ ಎಂಬುದನ್ನು ಬಲ್ಲವರು ಅದರಿಂದಲೇ ಅಳೆಯುವರು. ಬಳಿಕ ಹಾಡು. ಹಾಡಿನ ನಡುವೆ ವಾದಕನು ತನ್ನ ಕುಲ, ಊರು, ಹಿರಿಯರ ಬಿರುದಾವಳಿಯನ್ನು ಉಸಿರುಬಿಡದೆ ಹೇಳಿ ಮುಗಿಸುವನು. ಪರಸ್ಥಳದಲ್ಲಿ ಕೇವಲ ಕೂಲಿಯೆನಿಸಿಕೊಂಡ ಮನುಷ್ಯನು ತಾನು ಯಾರ ಮಗನೆಂಬುದನ್ನು ಹತ್ತು ಜನರ ಮುಂದೆ ಸಾರುವ ಗಳಿಗೆ ಅದು. ಅದನ್ನು ಕೇಳುವಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ.

ಮ್ಜಿಲಾ ಶಿಷ್ಯನನ್ನು ಕೂಲಿಗಾರರ ವಸತಿಗಳಿಗೂ ಕರೆದೊಯ್ದನು. ಕಾಲನ್ನು ತಲೆಯೆತ್ತರಕ್ಕೆ ಎತ್ತಿ ನೆಲಕ್ಕೆ ಅಪ್ಪಳಿಸುವ ಜುಲು ಕುಣಿತವನ್ನು ಹುಡುಗನು ಅಲ್ಲಿ ಕಲಿತನು. ಬಿಳಿಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. 15 ವರ್ಷದವನಾಗಿದ್ದಾಗ ಪೋಲೀಸರು ಅವನನ್ನು ಮೊದಲ ಸಲ ಹಿಡಿದರು, ಅದೇ ಕೊನೆಯದಾಗಲಿಲ್ಲ. ಕುಣಿತವನ್ನು ಕಲಿಯಹೋದ ಬಾಲಕನನ್ನು ಕಂಡು ಒಂದು ಸರ್ಕಾರ ಹೆದರಿತೆಂದರೆ, ಆ ಸರ್ಕಾರದ ಬುಡ ಎಷ್ಟು ಭದ್ರವಾಗಿದ್ದಿತೆಂಬುದನ್ನು ವಾಚಕರೇ ಊಹಿಸಬಹುದು.

ಜುಲು ಪದ್ಧತಿಯಲ್ಲಿ ನುಡಿಸುವ ಬಿಳಿಯ ಹುಡುಗನೊಬ್ಬನಿದ್ದಾನೆಂಬ ಸುದ್ದಿ ಹರಡಿತು. ನೇಟಾಲಿನ ಹಳ್ಳಿಯಿಂದ ಬಂದು ನಗರದಲ್ಲಿ ತೋಟದ ಕೆಲಸ ಮಾಡುತ್ತಿದ್ದ ಸಿಫೊ ಮ್ಚುನು ಎಂಬ ತರುಣನು ಪಂಥ ಹೂಡಲೆಂದೇ ಅವನನ್ನು ಹುಡುಕಿಕೊಂಡು ಬಂದನು. ಪಂಥವು ಸ್ನೇಹದಲ್ಲಿ ಮುಗಿಯಿತು. ಇಬ್ಬರೂ ಬೀದಿಗಳಲ್ಲಿ, ಖಾಸಗಿ ಮನೆಗಳಲ್ಲಿ, ವಿಶ್ವವಿದ್ಯಾಲಯದ ಸಭೆಗಳಲ್ಲಿ ಜೊತೆಯಾಗಿ ನುಡಿಸಿದರು. ಕ್ಲೆಗ್ ವಿಟ್‌ವಾಟರ್ಸ್‌ರಾಂಡ್ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರದ ಅಧ್ಯಾಪಕನೂ ಆದನು; ಬೀದಿಯಲ್ಲಿ ಕಲಿತುದನ್ನು ಪೀಠದ ಮೇಲೆ ನಿಂತು ವಿವರಿಸುವ ಯೋಗ ಎಲ್ಲರಿಗೂ ಬರುವುದಿಲ್ಲ.

ಇವರು ಕಟ್ಟಿದ ಮೇಳದ ಹೆಸರು ಜುಲೂಕ. ಜುಲು ಭಾಷೆಯಲ್ಲಿ ಹಾಗೆಂದರೆ ಬೆವರು. ಅದು ಮ್ಚುನುವಿನ ಗೂಳಿಯ ಹೆಸರಾಗಿತ್ತಂತೆ. ಚಿನ್ನದ ಗಣಿಗಳ ಆ ನಗರವನ್ನು ಕಟ್ಟಿದ್ದೂ ಕರಿಯ ಕೂಲಿಗಾರರ ಬೆವರೇ. 1979ರಲ್ಲಿ ಬಂದ ಇವರ ಮೊದಲ ಸಂಪುಟದಲ್ಲಿ ಹಳ್ಳಿಗೂ ನಗರಕ್ಕೂ ನಡುವೆ ಅಲೆಯುವ ಅದೇ ಕೂಲಿಗಾರನ ಕಥೆಯಿದೆ. ಜುಲು ಗಿಟಾರಿನೊಡನೆ ಪಶ್ಚಿಮದ ಜನಪದ ಧಾಟಿಯನ್ನೂ, ಒಂದೇ ಹಾಡಿನಲ್ಲಿ ಇಂಗ್ಲಿಷನ್ನೂ ಜುಲುವನ್ನೂ ಬೆರೆಸಿದ್ದು ಇವರ ಹೊಸತನ. ಸರ್ಕಾರದ ರೇಡಿಯೋ ಒಂದೊಂದು ಭಾಷೆಗೆ ಒಂದೊಂದು ಕೋಣೆಯನ್ನು ಮಾಡಿಟ್ಟಿದ್ದಿತಾದ್ದರಿಂದ ಈ ಬೆರಕೆಗೆ ಅಲ್ಲಿ ಎಡೆ ದೊರೆಯಲಿಲ್ಲ. ಕಚೇರಿಗಳನ್ನು ಪೋಲೀಸರು ನಡುವೆಯೇ ನಿಲ್ಲಿಸಿದ್ದುಂಟು. ಹಾಡು ಮಾತ್ರ ಬಾಯಿಂದ ಬಾಯಿಗೆ ಹೋಗಿ, 1983ರ ವೇಳೆಗೆ ಇಂಗ್ಲೆಂಡನ್ನೂ ಮುಟ್ಟಿತು.

ಕೀರ್ತಿ ಏರುತ್ತಿದ್ದಾಗಲೇ, 1985ರಲ್ಲಿ, ಮ್ಚುನು ಮೇಳವನ್ನು ಬಿಟ್ಟು ತನ್ನ ಊರಿನ ದನಕರುಗಳ ಬಳಿಗೆ ಹಿಂದಿರುಗಿದನು. ಊರಿನ ಮಣ್ಣು ಅವನನ್ನು ಕರೆಯಿತು, ಅವನು ಹೋದನು. ಕ್ಲೆಗ್ 1986ರಲ್ಲಿ ಸವೂಕ, ಎಂದರೆ 'ನಾವು ಎದ್ದಿದ್ದೇವೆ' ಎಂಬ ಹೊಸ ಮೇಳವನ್ನು ಕಟ್ಟಿದನು. ಮರುವರ್ಷ ಬಂದ 'ಅಸಿಂಬೊನಾಂಗ' ಎಂಬ ಹಾಡಿನ ಹೆಸರಿಗೆ 'ನಾವು ಅವನನ್ನು ಕಂಡಿಲ್ಲ' ಎಂದರ್ಥ. ಆ 'ಅವನು' ನೆಲ್ಸನ್ ಮಂಡೇಲ. 1962ರಿಂದ ಸೆರೆಯಲ್ಲಿದ್ದ ಅವರ ಭಾವಚಿತ್ರವನ್ನು ಅಚ್ಚುಮಾಡುವುದೂ ಆಗ ಅಪರಾಧವಾಗಿದ್ದುದರಿಂದ, ಒಂದು ತಲೆಮಾರಿನ ಮಕ್ಕಳಿಗೆ ಅವರ ಮುಖವೇ ತಿಳಿದಿರಲಿಲ್ಲ. 1999ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಕ್ಲೆಗ್ ಇದೇ ಹಾಡನ್ನು ಹಾಡುತ್ತಿದ್ದಾಗ ಸಭಿಕರು ಒಮ್ಮೆಲೇ ಕೂಗಿಕೊಂಡರು. ತಿರುಗಿ ನೋಡಿದರೆ, ವೃದ್ಧರಾದ ಮಂಡೇಲರವರೇ ಹಿಂದಿನಿಂದ ಮೆಲ್ಲಮೆಲ್ಲನೆ ಕುಣಿಯುತ್ತ ಬರುತ್ತಿದ್ದರು! 'ಕಂಡಿಲ್ಲ' ಎಂಬ ಹಾಡನ್ನು, ಕಣ್ಣ ಮುಂದೆಯೇ ಕಾಣುತ್ತ, ಸಭೆಯೆಲ್ಲ ಹಾಡಿತು.

ಫ್ರಾನ್ಸಿನ ಜನರು ಕ್ಲೆಗ್ಗನನ್ನು 'ಬಿಳಿಯ ಜುಲು' ಎಂದು ಕೊಂಡಾಡಿದರು. ಆ ಬಿರುದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಅದರಲ್ಲಿ ಬಿಳಿಯವನೊಬ್ಬನು ಕಾಣುತ್ತಾನೆಯೇ ಹೊರತು, ಕಸಬರಿಕೆಯನ್ನು ಬದಿಗಿಟ್ಟು ಬೆರಳು ಹಿಡಿದು ಕಲಿಸಿದ ಮ್ಜಿಲಾ ಕಾಣುವುದಿಲ್ಲ, ಮ್ಚುನುವೂ ಕಾಣುವುದಿಲ್ಲ, ಸವೂಕದ ಕುಣಿತಗಾರನಾಗಿದ್ದು, 1992ರಲ್ಲಿ ಜಗಳವೊಂದರಲ್ಲಿ ರಾಜಿಮಾಡಿಸಹೋಗಿ ಗುಂಡಿಗೆ ಬಲಿಯಾದ ಡುಡು ಜುಲುವೂ ಕಾಣುವುದಿಲ್ಲ. ಪರರ ಹಾಡನ್ನು ತೆಗೆದುಕೊಂಡು ಹೆಸರು ಗಳಿಸುವವರು ಲೋಕದಲ್ಲಿ ಎಷ್ಟೋ ಮಂದಿ. ಕ್ಲೆಗ್ ತೆಗೆದುಕೊಳ್ಳುವುದಕ್ಕೆ ಮೊದಲು ಕೈಮುಗಿದು ಕುಳಿತನು, ಸೆರೆಮನೆಯ ಬಾಗಿಲನ್ನೂ ಕಂಡನು. ನನ್ನ ದೃಷ್ಟಿಯಲ್ಲಿ ಅವನ ದೊಡ್ಡತನವೆಲ್ಲ ಆ ಎರಡು ವರ್ಷಗಳ ಶಿಷ್ಯವೃತ್ತಿಯಲ್ಲಿದೆ.

ಬಣ್ಣದ ಕೇರಿಗಳ ಕಾಯಿದೆಯು 1991ರಲ್ಲಿ ರದ್ದಾಯಿತು. ಕ್ಲೆಗ್ 2019ರ ಜುಲೈ 16ರಂದು ತೀರಿಕೊಂಡನು. ಹಾಡು ಉಳಿದಿದೆ. ಮನೆಯಲ್ಲಿ ಮಕ್ಕಳಿಗೆ ಸಂಗೀತವನ್ನು ಹೇಳಿಸುವ ನಾವು ಒಳ್ಳೆಯ ಉಪಾಧ್ಯಾಯರನ್ನು ದೂರದೂರದಲ್ಲಿ ವಿಚಾರಿಸುತ್ತೇವೆ, ಅದು ತಕ್ಕದ್ದೇ. ಆದರೆ ಬೀದಿ ಗುಡಿಸುವವನೋ, ತೋಟಕ್ಕೆ ನೀರು ಕಟ್ಟುವವನೋ ತನ್ನಷ್ಟಕ್ಕೆ ಏನನ್ನಾದರೂ ಹಾಡಿಕೊಳ್ಳುತ್ತಿರುವಾಗ ಮಗುವೊಂದು ಅವನ ಬಳಿ ಹೋಗಿ ನಿಂತರೆ, 'ಒಳಗೆ ಬಾ' ಎಂದು ಕೂಗುವ ಮೊದಲು ಸ್ವಲ್ಪ ತಡೆಯೋಣ. ಆ ಹಾಡು ಮುಗಿಯುವವರೆಗಾದರೂ.