ಪೀಣ್ಯದ ಮಗ್ಗುಲಲ್ಲಿ ಎಂಟನೇ ಜಿಲ್ಲೆ

ಬೆಂಗಳೂರಿನ ಮಾಗಡಿ ರಸ್ತೆ ಹಿಡಿದು ಸುಂಕದಕಟ್ಟೆಗೆ ಬಂದು ಬಲಕ್ಕೆ ಹೊರಳಿದರೆ ಹೆಗ್ಗನಹಳ್ಳಿ. ಹೆಸರಿನಲ್ಲಷ್ಟೇ ಹಳ್ಳಿ, 2010ರ ಪಾಲಿಕೆ ಚುನಾವಣೆಯ ಹೊತ್ತಿಗೇ ಇದು 71ನೇ ವಾರ್ಡು. ಕೆಳಗೆ ಲೇತ್ ಯಂತ್ರದ ಶೆಡ್ಡು, ಮೇಲೆ ಬಾಡಿಗೆ ಮನೆ, ಅದರ ಮೇಲೆ ನೀರಿನ ಟ್ಯಾಂಕು. ಬೆಳಿಗ್ಗೆ ಊಟದ ಡಬ್ಬಿ ಹಿಡಿದ ಹೆಣ್ಣುಮಕ್ಕಳು ಪೀಣ್ಯದ ಕಡೆ ಬಿರುಸಾಗಿ ನಡೆಯುತ್ತಾರೆ. ಗಾರ್ಮೆಂಟ್ಸಿನ ಗೇಟು ಯಾರಿಗೂ ಕಾಯುವುದಿಲ್ಲ.

ಇಂಥ ಬೀದಿಯಲ್ಲಿ ಕುಳಿತು ಓದಬೇಕಾದ ಪುಸ್ತಕ ‘ದಿ ಹಂಗರ್ ಗೇಮ್ಸ್’. ಅಮೆರಿಕದ ಸುಝಾನ್ ಕಾಲಿನ್ಸ್ 2008ರಲ್ಲಿ ಪ್ರಕಟಿಸಿದ ಈ ಕಾದಂಬರಿಯನ್ನು ಮಕ್ಕಳ ಕೈಯಲ್ಲಿ ಕಂಡರೆ, ಸಾಮಾಜಿಕ ಕಾದಂಬರಿ ಓದಿ ಬೆಳೆದ ತಂದೆತಾಯಿಯರ ಮುಖ ಗಂಟಾಗುತ್ತದೆ. ಮಕ್ಕಳು ಮಕ್ಕಳನ್ನೇ ಕೊಲ್ಲುವ ಕಥೆಯಂತೆ, ಭವಿಷ್ಯದ ಯಾವುದೋ ಇಲ್ಲದ ದೇಶವಂತೆ. ಆಕ್ಷೇಪ ಸುಳ್ಳಲ್ಲ. ಆದರೆ ಮೊದಲ ಅಧ್ಯಾಯವನ್ನು ಓದಿ ಮುಗಿಸಿದ ಮೇಲೆ ಅಷ್ಟೇ ಗಟ್ಟಿಯಾಗಿ ಅದನ್ನು ಹೇಳುವುದು ಕಷ್ಟ.

ಕಥೆಯ ದೇಶಕ್ಕೆ ಒಂದು ರಾಜಧಾನಿ, ಅದರ ಕೆಳಗೆ 12 ಜಿಲ್ಲೆಗಳು. ಒಂದಕ್ಕೆ ಕಲ್ಲಿದ್ದಲು, ಒಂದಕ್ಕೆ ಮೀನು, ಒಂದಕ್ಕೆ ಬಟ್ಟೆ. ದುಡಿಮೆ ಜಿಲ್ಲೆಯದು, ಸುಖ ರಾಜಧಾನಿಯದು. ವರ್ಷಕ್ಕೊಮ್ಮೆ ಚೀಟಿ ಎತ್ತಿ, ಪ್ರತಿ ಜಿಲ್ಲೆಯಿಂದ 12ರಿಂದ 18ರೊಳಗಿನ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಸಾವಿನ ಆಟಕ್ಕೆ ಒಯ್ಯುತ್ತಾರೆ. ಚೀಟಿಯೇನೋ ಎಲ್ಲರಿಗೂ ಒಂದೇ. ಆದರೆ ಬಡವರ ಮಕ್ಕಳು ತಮ್ಮ ಹೆಸರಿನ ಚೀಟಿಯನ್ನು ಇನ್ನೊಂದು ಸಲ ಹಾಕಿಸಿದರೆ, ಒಬ್ಬರಿಗೆ ವರ್ಷಕ್ಕಾಗುವ ಒಂದಿಷ್ಟು ಧಾನ್ಯ, ಎಣ್ಣೆ ಸಿಗುತ್ತದೆ. ಹದಿನಾರರ ನಾಯಕಿ ಕ್ಯಾಟ್ನಿಸ್‌ಳ ಹೆಸರಿನಲ್ಲಿ 20 ಚೀಟಿ, ಹದಿನೆಂಟರ ಗೆಳೆಯ ಗೇಲ್‌ನ ಹೆಸರಿನಲ್ಲಿ 42. ರೇಷನ್ ಅಂಗಡಿಯ ಮುಂದೆ ಚೀಲ ಹಿಡಿದು ನಿಂತು ಗೊತ್ತಿದ್ದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

2009ರಲ್ಲಿ ಬಂದ ಎರಡನೇ ಪುಸ್ತಕ ‘ಕ್ಯಾಚಿಂಗ್ ಫೈರ್’ನಲ್ಲಿ ಬಟ್ಟೆಯ ಜಿಲ್ಲೆ, ಅಂದರೆ ಎಂಟನೆಯದು, ದಂಗೆ ಏಳುತ್ತದೆ. ಅಲ್ಲಿಂದ ತಪ್ಪಿಸಿಕೊಂಡು ಬಂದ ಇಬ್ಬರು ಕಾಡಿನಲ್ಲಿ ಕ್ಯಾಟ್ನಿಸ್‌ಗೆ ಸಿಗುತ್ತಾರೆ: ಒಬ್ಬಳು ಶಿಕ್ಷಕಿ, ಇನ್ನೊಬ್ಬಳು ಅವಳ ವಿದ್ಯಾರ್ಥಿನಿ. ಅವರ ಕಾರ್ಖಾನೆ ಹೊಲಿಯುತ್ತಿದ್ದುದು ತಮ್ಮನ್ನೇ ಕಾಯುವ, ಹೊಡೆಯುವ ಪಡೆಯ ಸಮವಸ್ತ್ರ.

ಇಲ್ಲಿ ಹೆಗ್ಗನಹಳ್ಳಿಯ ಓದುಗರಿಗೆ 2016ರ ಏಪ್ರಿಲ್ ನೆನಪಾಗಬೇಕು. ಮಾಲೀಕರು ಕಟ್ಟುವ ಭವಿಷ್ಯನಿಧಿಯ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ಫೆಬ್ರವರಿಯಲ್ಲಿ ನಿಯಮ ತಂದಿತ್ತು. ಕೆಲಸ ಬಿಟ್ಟಾಗ ಕೈಗೆ ಬರುವ ಪಿ.ಎಫ್. ಹಣವೆಂದರೆ ಗಾರ್ಮೆಂಟ್ಸಿನ ಹೆಣ್ಣುಮಕ್ಕಳಿಗೆ ಮಗುವಿನ ಫೀಸು, ತಂಗಿಯ ಮದುವೆ, ಹಳೆಯ ಸಾಲ. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಕಾರ್ಮಿಕರು, ಹೆಚ್ಚಿನವರು ಮಹಿಳೆಯರು, ಹೊಲಿಗೆ ಯಂತ್ರ ಬಿಟ್ಟೆದ್ದು ಬೀದಿಗೆ ಬಂದರು. ಕರೆ ಕೊಟ್ಟ ದೊಡ್ಡ ನಾಯಕರಾರೂ ಇರಲಿಲ್ಲ. ಹೊಸೂರು ರಸ್ತೆ ನಿಂತಿತು, ಇತ್ತ ಪೀಣ್ಯದ ಕಡೆ ತುಮಕೂರು ರಸ್ತೆಯೂ ನಿಂತಿತು. ಕಲ್ಲು ಬಿತ್ತು, ಬಸ್ಸು ಸುಟ್ಟಿತು, ಲಾಠಿ, ಅಶ್ರುವಾಯು ಎಲ್ಲ ಆಯಿತು. 19ರಂದೇ ಕೇಂದ್ರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು.

ಹೋಲಿಕೆಯನ್ನು ಬಹಳ ಎಳೆಯಬಾರದು. ಕಾದಂಬರಿಯ ದಂಗೆಯನ್ನು ಹೊಸಕಿ ಹಾಕುತ್ತಾರೆ. ಇಲ್ಲಿ ಸರ್ಕಾರ ಎರಡು ದಿನದಲ್ಲಿ ಮಣಿಯಿತು. ಅಲ್ಲಿ ಜಿಲ್ಲೆಗೆ ಬೇಲಿ. ಇಲ್ಲಿ ಟೈಲರಮ್ಮನ ಮಗಳು ಬಸ್ಸು ಹತ್ತಿ ಕಾಲೇಜಿಗೆ ಹೋಗುತ್ತಾಳೆ. ಈ ವ್ಯತ್ಯಾಸ ಸಣ್ಣದಲ್ಲ, ಅದನ್ನು ಮನೆಯಲ್ಲಿ ಮಾತಾಡುವುದಕ್ಕಾದರೂ ದೊಡ್ಡವರು ಪುಸ್ತಕವನ್ನು ಮಕ್ಕಳ ಜೊತೆ ಓದುವುದು ಒಳ್ಳೆಯದು. ಇಂಗ್ಲಿಷು ಸರಳವಾಗಿದೆ, ಪಿಯುಸಿ ಹುಡುಗರು ಓದಿ ಹೇಳಬಲ್ಲರು.

ಆ ಏಪ್ರಿಲ್‌ನ ಸಂಜೆ ತಡವಾದ ಅಮ್ಮನಿಗಾಗಿ ಬಾಗಿಲಲ್ಲಿ ಕಾದಿದ್ದ ಮಕ್ಕಳು ಈಗ ಇಂಥ ಪುಸ್ತಕ ಓದುವ ವಯಸ್ಸಿನವರು. ಎಂಟನೇ ಜಿಲ್ಲೆಯ ಪುಟ ಬಂದಾಗ ಅವರು ಅಮ್ಮನನ್ನು ಕೇಳಬಹುದು: ಆವತ್ತು ನೀನು ಎಲ್ಲಿದ್ದೆ?