ತಾಟು ಕಾಣದಾಗುವ ಆಳ

ಹೋದ ರವಿವಾರ ಕಲಘಟಗಿ ಸೀಮೆಯ ಒಂದು ಕೆರೆಯಲ್ಲಿ ನನ್ನ ತಾಟು ಆರನೆಯ ಗಂಟಿನ ತನಕ ಕಾಣಿಸಿತು. ಹಗ್ಗಕ್ಕೆ ಮೊಳಕ್ಕೊಂದು ಗಂಟು. ಆರು ಗಂಟೆಂದರೆ ಒಂಬತ್ತು ಅಡಿ. ಲಾರಿ ಟ್ಯೂಬಿನ ಮೇಲೆ ಬೋರಲು ಮಲಗಿ, ನೀರಿಗೆ ಮುಖ ತಾಗಿಸಿ, ಒಂದೊಂದೇ ಗಂಟನ್ನು ಬೆರಳಸಂದಿಯಿಂದ ಬಿಡುತ್ತಿದ್ದೆ. ನಾಲ್ಕು ದಾಟಿತು. ಐದು ದಾಟಿತು. ತಾಟು ಹಗಲು ಚಂದ್ರನಷ್ಟು ಮಸುಕಾಗಿ, ಹಸಿರಿನೊಳಗೆ ಹಸಿರಾಗಿ, ಆರರ ಹತ್ತಿರ ಕರಗಿತು. ನಮ್ಮ ಜಿಲ್ಲೆಯ ನೀರಿನಲ್ಲಿ ಇಷ್ಟು ಆಳದವರೆಗೆ ನನ್ನ ಕಣ್ಣು ಹೋದದ್ದು ಇದೇ ಮೊದಲು.

ದಂಡೆಯಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದ ಮುದುಕರೊಬ್ಬರು, "ಒಂದ ತಾಟ ತೊಳ್ಯಾಕ ಅಷ್ಟ ನಡುನೀರಿಗೆ ಹೋಗಬೇಕೇನ್ರೀ ಸರ?" ಎಂದು ಕೂಗಿದರು.

"ನೀರು ನೋಡಾಕ ಹತ್ತೀನ್ರಿ ಯಜ್ಜಾ."

"ನೀರಾಗ ಮಲಕೊಂಡು ನೀರ ನೋಡಾಕ ತಾಟ ಯಾಕ ಬೇಕಂತ!" ಎಂದು ಅವರು ಎಮ್ಮೆಗೆ ಹೇಳಿದರು.

ಕೆರೆಯ ಹೆಸರು ಬರೆಯುವುದಿಲ್ಲ. ಇಂಥದೇ ಒಂದು ಕೆರೆಯ ಫೋಟೋ ಹಿಂದೊಮ್ಮೆ ನಾಲ್ಕು ಜನರಿಗೆ ಕಳಿಸಿದ್ದೆ. ಮುಂದಿನ ತಿಂಗಳು ಅಲ್ಲಿ ಇಪ್ಪತ್ತು ಬೈಕು ನಿಂತಿದ್ದವು, ದಂಡೆಯ ತುಂಬ ಒಡೆದ ಬಾಟಲಿ. ಬರಿಗಾಲಲ್ಲಿ ಎಮ್ಮೆ ಹೊಡೆದುಕೊಂಡು ಬರುವವರ ದಾರಿ ಅದು.

ವಾರಕ್ಕೊಮ್ಮೆ ಮುಳುಗು ಹಾಕದಿದ್ದರೆ ನನಗೆ ಸೋಮವಾರ ಕಳೆಗಟ್ಟುವುದಿಲ್ಲ. ಸಿಲಿಂಡರ್ ಬೆನ್ನಿಗೇರಿಸುವುದು ಸಮುದ್ರದಲ್ಲಿ ಮಾತ್ರ. ಕೆರೆಯಲ್ಲಿ ಮಾಸ್ಕು, ಫಿನ್ನು, ಕಟ್ಟಿಹಿಡಿದ ಉಸಿರು, ಇಷ್ಟೇ. ಆದರೆ ಎಲ್ಲೇ ಇಳಿಯಲಿ, ಮೊದಲು ತಾಟು ಇಳಿಯಬೇಕು.

ಅದು ಅವ್ವನ ಕಾಲದ, ಬಿಳಿಯ ಪಿಂಗಾಣಿ ಲೇಪದ ತಾಟು. ಅಂಚಿಗೆ ನೀಲಿ ಗೆರೆ, ಒಂದು ಕಡೆ ಚಕ್ಕೆ ಎದ್ದು ಒಳಗಿನ ಕಬ್ಬಿಣ ಕಾಣುತ್ತದೆ. ಮೂರು ತೂತು ಕೊರೆಸಿ, ಮೂರು ಹುರಿ ಕಟ್ಟಿ, ತಕ್ಕಡಿಯ ತಟ್ಟೆಯ ಹಾಗೆ ಮಟ್ಟಸವಾಗಿ ಇಳಿಯುವಂತೆ ಮಾಡಿದ್ದೇನೆ. ಅಡಿಗೆ ಅರ್ಧ ಕಿಲೋದ ಕಲ್ಲು. ನಡುಹಗಲಿನ ಆಚೀಚೆ, ಬಿಸಿಲು ನೀರಿನ ಮೈಮೇಲೆ ಕುಣಿಯದ ಕಡೆ, ನನ್ನದೇ ನೆರಳಿನಲ್ಲಿ ಬಿಡುತ್ತೇನೆ. ಕಾಣದಾದ ಗಂಟು ಒಂದು, ಇನ್ನೂ ಸ್ವಲ್ಪ ಇಳಿಸಿ ಮೇಲೆಳೆಯುವಾಗ ಮತ್ತೆ ಕಂಡ ಗಂಟು ಇನ್ನೊಂದು. ಎರಡರ ನಡುವಿನದು ಆ ದಿನದ ಲೆಕ್ಕ. 1865ರಲ್ಲಿ ಆಂಜೆಲೊ ಸೆಕ್ಕಿ ಎಂಬ ಇಟಲಿಯ ಪಾದ್ರಿ ಪೋಪರ ಹಡಗಿನಿಂದ ಮೆಡಿಟರೇನಿಯನ್ ಸಮುದ್ರಕ್ಕೆ ಬಿಳಿಯ ಬಿಲ್ಲೆಗಳನ್ನು ಇಳಿಬಿಟ್ಟು ನೀರಿನ ತಿಳಿಯನ್ನು ಅಳೆದ. ನಕ್ಷತ್ರ ಓದುತ್ತಿದ್ದ ಮನುಷ್ಯ ಒಂದಷ್ಟು ದಿನ ತಲೆ ಬಗ್ಗಿಸಿ ಕೆಳಗೆ ನೋಡಿದ. ಇವತ್ತಿಗೂ ಜಗತ್ತಿನ ಕೆರೆ ಸರೋವರಗಳನ್ನು ಅಳೆಯುವವರ ಚೀಲದಲ್ಲಿ ಅವನ ಬಿಲ್ಲೆ ಇರುತ್ತದೆ.

ಕುಂದಗೋಳದ ನನ್ನ ಗೆಳೆಯ ಸ್ಟೀಲ್ ತಾಟು ಇಳಿಬಿಡುತ್ತಾನೆ. ಈ ಜಗಳ ನಮ್ಮಲ್ಲಿ ಐದು ವರ್ಷದಿಂದ ನಡೆದಿದೆ. ಸ್ಟೀಲು ಹೊಳೆಯುತ್ತದೆ, ಹೊಳೆಯುವುದಕ್ಕೂ ಕಾಣುವುದಕ್ಕೂ ಎಷ್ಟೋ ಅಂತರ. ರಾಡಿ ನೀರಿನಲ್ಲೂ ತಾಟು ತುಸು ಓರೆಯಾಗಿ ಬಿಸಿಲಿಗೆ ಸಿಕ್ಕರೆ ಸಾಕು, ಮಿಣಕ್ ಅನ್ನುತ್ತದೆ. ಇವನು "ಐದು ಗಂಟು" ಎಂದು ಬರೆದುಕೊಳ್ಳುತ್ತಾನೆ. ಮತ್ತೊಂದು ದಿನ ಆಚೆ ಬಾಗಿ ಕಪ್ಪಾಗಿ ಕಂಡರೆ "ಎರಡು". ಬಿಳಿಗೆ ಇಂಥ ಚಂಚಲ ಬುದ್ಧಿಯಿಲ್ಲ, ಯಾವ ಕಡೆಯಿಂದ ನೋಡಿದರೂ ಅದು ಬಿಳಿಯೇ. ಇದು ಬರೀ ಹಟದ ಮಾತಾಗಿದ್ದರೆ ನಗುತ್ತ ಬಿಟ್ಟುಬಿಡುತ್ತಿದ್ದೆ. ಮೂರು ವರ್ಷದ ಹಿಂದೆ ಅವನ ಐದು ಗಂಟು ನಂಬಿ ನೀರಿಗಿಳಿದೆವು, ಜೊತೆಗೆ ಅವನ ತಮ್ಮನ ಮಗ, ಹದಿನಾರರ ಹುಡುಗ. ಒಂದು ಮಾರು ಕೆಳಗೆ ಹೋದದ್ದೇ ನನ್ನ ಮುಂಗೈ ನನಗೆ ಕಾಣಲಿಲ್ಲ. ಹುಡುಗ ಎಲ್ಲಿದ್ದಾನೆ? ಮೇಲೆ ಬಂದೆ, ಅವನಿಲ್ಲ. ಮತ್ತೆ ಮುಳುಗಿ ಕೈಚಾಚಿ ತಡವಿದೆ, ಸಿಕ್ಕಿದ್ದು ಕೆಸರು. ಇಪ್ಪತ್ತು ಎಣಿಸುವಷ್ಟು ಹೊತ್ತಿನ ಮೇಲೆ ಅವನು ಆಚೆ ದಂಡೆಯ ಕಡೆ ತಲೆಯೆತ್ತಿ, ಮೂಗು ಸೀನಿಕೊಂಡು, "ಕಾಕಾ, ಏನೂ ಕಾಣವಲ್ದು" ಅಂದ. ಆ ಇಪ್ಪತ್ತು ಎಣಿಕೆ ನನ್ನ ಕಿವಿಯಲ್ಲಿ ಇನ್ನೂ ನಡೆಯುತ್ತಿದೆ. ಗೆಳೆಯ ತಾಟು ಮಾತ್ರ ಬದಲಾಯಿಸಿಲ್ಲ.

ನೀರಿನ ಬಣ್ಣ ನೆಲದ ಮೇಲೆ ನಿಂತಿದೆ. ನಾನು ಹುಟ್ಟಿದ್ದು ನವಲಗುಂದ ತಾಲೂಕಿನ ಎರಿ ಸೀಮೆಯಲ್ಲಿ. ಎರಿ ಮಣ್ಣಿನ ಕಣ ಬಲು ಸಣ್ಣದು. ಮೈಮೇಲೆಲ್ಲ ಒಂದೇ ಬಗೆಯ ವಿದ್ಯುದಂಶ ಇರುವುದರಿಂದ ಕಣಗಳು ಒಂದನ್ನೊಂದು ದೂಡುತ್ತ ತೇಲಾಡುತ್ತವೆ, ತಿಂಗಳು ಕಳೆದರೂ ತಳ ಸೇರುವುದಿಲ್ಲ. ಅವ್ವ ಹಂಡೆಯ ನೀರಿನಲ್ಲಿ ತುರಟಿ ಹಿಡಿದು ಮೂರು ಸುತ್ತು ತಿರುವಿ ಬಿಡುತ್ತಿದ್ದಳು. ನಾನು ಹಂಡೆಯ ಕಂಠಕ್ಕೆ ಗದ್ದ ಊರಿ ನೋಡುತ್ತಿದ್ದೆ. ಮೊದಲು ಏನೂ ಇಲ್ಲ. ಆಮೇಲೆ ರಾಡಿಯಲ್ಲಿ ಅಲ್ಲಲ್ಲಿ ಎಳೆ ಮೂಡುತ್ತಿತ್ತು, ಎಳೆ ಎಳೆ ಕೂಡಿ ಅರಳೆಯಾಗುತ್ತಿತ್ತು, ಅರಳೆ ತನ್ನಷ್ಟಕ್ಕೆ ತಾನು ಇಳಿದು ಹೋಗುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಹಂಡೆಯ ಒಳಮೈಯ ತಾಮ್ರ ಕಾಣುತ್ತಿತ್ತು. ನೀರೊಳಗೆ ನೋಡುವ ಚಟ ನನಗೆ ಹತ್ತಿದ್ದು ಆ ಹಂಡೆಯಲ್ಲಿ.

ಉಪ್ಪೂ ತುರಟಿಯ ಕೆಲಸವನ್ನೇ ಮಾಡುತ್ತದೆ. ಹಾಗಾಗಿ ನಮ್ಮೂರ ಸವಳು ಬಾವಿಯ ನೀರು ಗಾಜಿನಷ್ಟು ತಿಳಿ, ಬಾಯಿಗಿಟ್ಟರೆ ಉಗುಳಬೇಕು. ಕುಡಿಯುವ ಕೆರೆಯ ನೀರು ಸಿಹಿ, ಬಣ್ಣ ಚಹಾದ್ದು. ಅಲ್ಲಿ ತಾಟು ಇಳಿಸಿದರೆ ಒಂದು ಗೇಣಿಗೇ ಮಾಯವಾದೀತು. ತಿಳಿಯಿದ್ದಿದ್ದರೂ ಆ ನೀರಿಗೆ ನಾವು ಕಾಲಿಡುವವರಲ್ಲ. ನವಲಗುಂದದ ನೀಲಮ್ಮನ ಕೆರೆಯಿರಲಿ, ಸುತ್ತಲಿನ ಹಳ್ಳಿಗಳ ಕೆರೆಗಳಿರಲಿ, ಕಾಲುವೆಯ ನೀರು ತುಂಬಿಸಿಕೊಂಡು ಬೇಸಿಗೆ ದಾಟುವ ಜನ ಅಲ್ಲಿಯವರು. ದಂಡೆ ಏರುವ ಮುಂಚೆ ಚಪ್ಪಲಿ ಕಳಚುತ್ತಿದ್ದೆವು. ಅಂಥ ಕೆರೆಗೆ "ಹ್ಯಾಂಗೂ ಯಾರೂ ಇಲ್ಲ" ಎಂದು ಬೆಳಕು ಹರಿಯುವ ಮೊದಲೇ ಫಿನ್ ಹಾಕಿಕೊಂಡು ಇಳಿದವರನ್ನು ನಾನು ನೋಡಿದ್ದೇನೆ. ಮೈಗೆ ಹಚ್ಚಿಕೊಂಡ ಕ್ರೀಮು, ಬಾಯಲ್ಲಿ ಗುಟ್ಕಾ. ಅವರೊಂದಿಗೆ ನಾನು ಮತ್ತೆ ಮಾತಾಡಿಲ್ಲ. ಹುಬ್ಬಳ್ಳಿ-ಧಾರವಾಡಕ್ಕೆ ನೀರು ಕೊಡಲೆಂದು ಕಟ್ಟಿದ ನೀರಸಾಗರಕ್ಕೂ ನನ್ನ ತಾಟು ಇಳಿಯುವುದಿಲ್ಲ.

ಕೃಷಿಹೊಂಡಕ್ಕೂ ಇಲ್ಲ. ತಾಡಪಾಲು ಹೊದಿಸಿದ ಹೊಂಡದಲ್ಲಿ ಮಣ್ಣಿನ ಸಂಪರ್ಕವಿಲ್ಲ, ನೀರು ತಿಳಿಯಾಗಿ ಕರೆಯುತ್ತದೆ. ಇಳಿಯುವುದು ಸುಲಭ, ಏರುವಾಗ ಪಾಚಿಗಟ್ಟಿದ ಪ್ಲಾಸ್ಟಿಕ್ಕಿನ ಇಳಿಜಾರಿನಲ್ಲಿ ಹಿಡಿಯಲು ಒಂದು ಹುಲ್ಲುಕಡ್ಡಿಯೂ ಸಿಗುವುದಿಲ್ಲ. ಈಸು ಬಲ್ಲ ಹುಡುಗರೂ ಅಲ್ಲಿ ದಣಿದು ಮುಳುಗಿದ್ದಾರೆ. ನಾಲ್ಕೂ ಮೂಲೆಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟು ಗೂಟಕ್ಕೆ ಕಟ್ಟಲು ಎಷ್ಟು ಖರ್ಚು? ಹೊಂಡ ಇದ್ದವರ ಮನೆಗೆಲ್ಲ ಇದನ್ನು ಹೇಳುತ್ತ ತಿರುಗಿದ್ದೇನೆ. ಕೆಲವರು ಕಟ್ಟಿದ್ದಾರೆ.

ನಮ್ಮ ಜಿಲ್ಲೆ ಮಣ್ಣಿನ ಮಾಳಿಗೆಯ ಹಾಗೆ, ಬಿದ್ದ ಮಳೆ ಎರಡು ಕಡೆ ಇಳಿದು ಹೋಗುತ್ತದೆ. ಕುಂದಗೋಳ, ನವಲಗುಂದದ ನೀರು ಬೆಣ್ಣಿಹಳ್ಳ ಹಿಡಿದು ಮಲಪ್ರಭೆ ಸೇರಿ, ಕೂಡಲಸಂಗಮದಲ್ಲಿ ಕೃಷ್ಣೆಯಾಗಿ ಬಂಗಾಳ ಕೊಲ್ಲಿಗೆ. ಕಲಘಟಗಿಯ ನೀರು ಬೇಡ್ತಿ ಹಿಡಿದು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎನಿಸಿಕೊಂಡು ಅರಬ್ಬಿ ಸಮುದ್ರಕ್ಕೆ. ಸಿಲಿಂಡರ್ ಬೇಕೆನಿಸಿದಾಗ ನಾನು ಈ ಪಡುವಣ ನೀರಿನ ಬೆನ್ನು ಹತ್ತುತ್ತೇನೆ: ಯಲ್ಲಾಪುರ, ಅರಬೈಲ ಘಟ್ಟ, ಅಂಕೋಲೆ, ಅಲ್ಲಿಂದ ತೆಂಕಣಕ್ಕೆ ಮುರುಡೇಶ್ವರ, ದೋಣಿಯಲ್ಲಿ ನೇತ್ರಾಣಿ ದ್ವೀಪ. ಮಳೆಗಾಲ ಮುಗಿದ ಮೇಲೆ ದೋಣಿಗಳು ಹೊರಡುತ್ತವೆ. ಜನವರಿಯ ಒಂದು ಶನಿವಾರ ಅಲ್ಲಿ ನನ್ನ ಇಪ್ಪತ್ತು ಗಂಟಿನ ಹಗ್ಗ ಮುಗಿಯಿತು, ತಾಟು ಮುಗಿಯಲಿಲ್ಲ. ಮೂವತ್ತು ಅಡಿ ಕೆಳಗೆ ಅವ್ವನ ತಾಟಿನ ಸುತ್ತ ಹಳದಿ ಮೀನು ಸುತ್ತುತ್ತಿದ್ದವು, ನೀಲಿ ಗೆರೆ ಕೂಡ ಕಾಣುತ್ತಿತ್ತು.

ಅಲ್ಲಿಂದ ಬರುವಾಗಿನ ಜಗಳವೇ ನನ್ನ ದೊಡ್ಡ ಜಗಳ. ಹುಬ್ಬಳ್ಳಿ ಕಡೆಯ ಹುಡುಗರು ಶನಿವಾರ ಎರಡು ಡೈವ್, ರವಿವಾರ ಬೆಳಿಗ್ಗೆ ಇನ್ನೆರಡು ಹೊಡೆದು, ಮೀನೂಟ ಮುಗಿಸಿ, ಸಂಜೆಗೆ ಘಟ್ಟ ಹತ್ತಿಬಿಡುತ್ತಾರೆ. ಹತ್ತು ಮೀಟರ್ ಆಳಕ್ಕೆ ಗಾಳಿಯ ಒತ್ತಡದಷ್ಟೇ ಇನ್ನೊಂದು ಒತ್ತಡ ಮೈಮೇಲೆ ಬೀಳುತ್ತದೆ. ಆ ಒತ್ತಡದಲ್ಲಿ ಎಳೆದುಕೊಂಡ ಉಸಿರಿನ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗಿ ಕೂತಿರುತ್ತದೆ. ಮೇಲೆ ಬಂದ ಮೇಲೆ ಅದು ನಿಧಾನವಾಗಿ ಉಸಿರಿನೊಂದಿಗೆ ಹೊರಡಬೇಕು. ಅವಸರಪಡಿಸಿದರೆ ಗೋಲಿಸೋಡಾದ ಗೋಲಿ ಒತ್ತಿದಂತೆ. 1908ರಲ್ಲಿ ಹಾಲ್ಡೇನ್ ಎಂಬ ವಿಜ್ಞಾನಿ ಬ್ರಿಟಿಷ್ ನೌಕಾಪಡೆಗಾಗಿ ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಇದನ್ನು ತೋರಿಸಿಕೊಟ್ಟ. ಬೇಗ ಹೊರತಂದ ಆಡು ನೋವಿಗೆ ಮುಂಗಾಲು ಎತ್ತಿ ಹಿಡಿದು ನಿಲ್ಲುತ್ತಿತ್ತು.

"ನಾವೇನು ವಿಮಾನ ಹತ್ತತೀವೇನ್ರೀ, ಕಾರಿನಾಗ ಹೊಂಟೀವಿ" ಅನ್ನುತ್ತಾರೆ. ವಿಮಾನ ಹತ್ತುವ ಮುಂಚೆ ಕಾಯಬೇಕೆಂದು ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುವ ಅವಧಿ ಒಂದು ಸಾಧಾರಣ ಡೈವಿಗೆ 12 ತಾಸು, ಹಲವು ಡೈವಿಗೆ 18 ತಾಸು. ಅದು ಅನ್ವಯಿಸುವುದು 2,000 ಅಡಿಯಿಂದ 8,000 ಅಡಿಯ ಎತ್ತರಕ್ಕೆ. ಹುಬ್ಬಳ್ಳಿ ಸಮುದ್ರಮಟ್ಟದಿಂದ 2,000 ಅಡಿಗಿಂತ ಮೇಲಿದೆ, ಧಾರವಾಡ ಇನ್ನೂ ಮೇಲೆ. ನಿಮ್ಮ ಮನೆಯೇ ಆ ಎತ್ತರದೊಳಗೆ ಬರುತ್ತದೆ ಅಂದರೆ ನಂಬುವುದಿಲ್ಲ. ಅಂಕೋಲೆಯಲ್ಲಿ ಕೊಂಡ ಚಿಪ್ಸ್ ಪೊಟ್ಟಣವನ್ನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು ಘಟ್ಟ ಹತ್ತಿ ನೋಡಿ. ಕೆಳಗೆ ಮೆತ್ತಗಿದ್ದ ಪೊಟ್ಟಣ ಯಲ್ಲಾಪುರದಲ್ಲಿ ತಲೆದಿಂಬಿನಂತೆ ಬಿಗಿದಿರುತ್ತದೆ. ನಿಮ್ಮ ಮೈಯೊಳಗೆ ಕರಗಿ ಕೂತ ಸಾರಜನಕದ ಮೇಲಿನ ಒತ್ತಡವೂ ಹಾಗೆಯೇ ಇಳಿಯುತ್ತದೆ. ಒಂದೇ ಸಲ, ಹತ್ತಿಪ್ಪತ್ತು ಅಡಿ ಆಳಕ್ಕೆ, ತರಬೇತಿದಾರರ ಕೈಹಿಡಿದು ಹೋಗಿಬಂದವರಿಗೆ ಅಪಾಯ ಕಡಿಮೆ, ಒಪ್ಪುತ್ತೇನೆ. ಆದರೆ ಲೆಕ್ಕ ಕಲಿತು ಕಾರ್ಡ್ ಪಡೆದವರು ಹೀಗೆ ಮಾಡುವುದು ಸಹಿಸಲಾಗದು. ನನಗೆ ಗೊತ್ತಿರುವ ಒಬ್ಬ ತರುಣ ಘಟ್ಟದ ನಡುವೆ ಮೊಳಕೈ ನೋವೆಂದು ಕಿಟಕಿಗೆ ಆನಿಸಿಕೊಂಡು ಕೂತ. ಸ್ಟೇರಿಂಗ್ ಹಿಡಿದು ಹಿಡಿದು ಹೀಗಾಗಿದೆ ಎಂದುಕೊಂಡು ಮುಲಾಮು ತಿಕ್ಕಿದ. ಮೂರು ದಿನ ಬೆರಳು ಜೋಮು ಹಿಡಿದಿದ್ದವು. ಡೈವ್ ಮಾಡಿದ ಸಂಗತಿಯನ್ನು ಅವನು ಡಾಕ್ಟರಿಗೂ ಹೇಳಿರಲಿಲ್ಲ.

ನಾನು ಶನಿವಾರ ನಡುಹಗಲಿಗೆ ಡೈವ್ ಮುಗಿಸಿ, ಆ ರಾತ್ರಿ ಕರಾವಳಿಯಲ್ಲೇ ಉಳಿದು, ಮರುದಿನ ಸಂಜೆ ಘಟ್ಟ ಹತ್ತುತ್ತೇನೆ. ಹೀಗೆ ಸಿಕ್ಕ ರವಿವಾರಗಳಲ್ಲಿ ಗಂಗಾವಳಿಯ ದಡ ನನಗೆ ಪರಿಚಯವಾಯಿತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದ ಜನ, ಲಾರಿ ಈ ನದಿಯ ಪಾಲಾದವು. ಮಲ್ಪೆಯ ಮುಳುಗುಗಾರ ಈಶ್ವರ ಅವರು ಕಾಣೆಯಾದವರನ್ನು ಹುಡುಕಲು ಹಗ್ಗ ಕಟ್ಟಿಕೊಂಡು ಆ ಕೆಂಪು ಪ್ರವಾಹಕ್ಕೆ ಇಳಿದುದನ್ನು ಟಿವಿಯಲ್ಲಿ ಎದ್ದುನಿಂತು ನೋಡಿದೆ. ಕಾಣೆಯಾದ ಲಾರಿ ಡ್ರೆಜ್ಜರ್ ತಂದ ಮೇಲೆ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ನಾನು ತಾಟು ಇಳಿಸಿ, ತಿಳಿಯಿದ್ದರೆ ಇಳಿಯುತ್ತೇನೆ, ಇಲ್ಲದಿದ್ದರೆ ಟ್ಯೂಬು ಹೊತ್ತು ಮನೆಗೆ ಬರುತ್ತೇನೆ. ಈಶ್ವರ ಅವರಿಗೆ ನೀರು ಆರಿಸುವ ಅವಕಾಶವೇ ಇರಲಿಲ್ಲ.

ಈ ಸಲ ಅಕ್ಟೋಬರಿನಲ್ಲಿ ಮಂಜಗುಣಿಯ ಹತ್ತಿರ, ಗಂಗಾವಳಿ ಸಮುದ್ರ ಸೇರುವಲ್ಲಿ, ದೋಣಿಯಿಂದ ತಾಟು ಬಿಟ್ಟೆ. ಆಚೆ ಉಪ್ಪುನೀರಿನ ಕಡೆ ಮಣ್ಣು ಅರಳೆಗಟ್ಟಿ ಇಳಿಯುತ್ತ ನೀರು ತಿಳಿಯಾಗತೊಡಗಿತ್ತು, ಅವ್ವನ ಹಂಡೆಯ ಹಾಗೆಯೇ. ಈಚೆ ನದಿಯ ಕಡೆ ಮೊದಲ ಗಂಟು ಮುಳುಗುವ ಮುಂಚೆಯೇ ತಾಟು ಮಾಯವಾಯಿತು. ದೋಣಿಯವರು ನೋಡಿ, "ಮೇಲೆ ಎಲ್ಲೋ ಜೋರು ಮಳೆ" ಅಂದರು. ಕಲಘಟಗಿಯ ಪರಿಚಯದವರಿಗೆ ಅಲ್ಲಿಂದಲೇ ಫೋನ್ ಹಚ್ಚಿದೆ.

"ಮೊನ್ನೆ ರಾತ್ರಿ ನಿಮ್ಮ ಕಡೆ ಮಳಿ ಆತೇನ್ರೀ?"

"ಆತ್ರೀ, ಹಳ್ಳ ದಂಡಿ ಮೀರಿ ಹರದೈತಿ. ಹೊಲದ ಮಣ್ಣೆಲ್ಲ ಹೋತು. ನಿಮಗ ಯಾರು ಹೇಳಿದರು?"